ಗಿರಣಿಗೆ ಹೋದ ಮಧುನಾಶಿನಿ

ಮೊದಲು ರೊಕ್ಕದ ಮಾತು ಮುಗಿಸಿಬಿಡುತ್ತೇನೆ. ಉಗುರಿನ ಮೇಲಿಟ್ಟು ಉಸಿರು ಬಿಟ್ಟರೆ ಹಾರಿಹೋಗುವಷ್ಟು ಬಿಳಿ ಪುಡಿ, ಕಿರುಬೆರಳಿನ ಗಾತ್ರದ ಶೀಶೆಯಲ್ಲಿ ಕುಳಿತು ನಮ್ಮ ಪ್ರಯೋಗಾಲಯಕ್ಕೆ ಬರುತ್ತಿತ್ತು. ಅದರ ಬೆಲೆಗೆ ನಮ್ಮ ಕಡೆಯ ಸಂತೆಯಲ್ಲಿ ಹಾಲು ಕೊಡುವ ಎರಡು ಆಡು ಬರುತ್ತಿದ್ದವು. ನನ್ನಂಥವಳು ಚೌಕಾಸಿಗೆ ನಿಂತರೆ ಮೇಲೊಂದು ಮರಿಯೂ ಬರುತ್ತಿತ್ತು. ಮೊದಲ ಸಲ ಆ ಶೀಶೆಯನ್ನು ಕೈಯಲ್ಲಿ ಹಿಡಿದಾಗ ನಾನು ಅದನ್ನು ಕಳಿಸಿದ ಕಂಪನಿಗೆ ಫೋನ್ ಮಾಡಿ, "ಏನ್ರಿ, ಶೀಶೆ ಖಾಲಿ ಕಳಿಸೀರಲ್ಲ?" ಎಂದು ಜಗಳ ತೆಗೆದಿದ್ದೆ.

ಇಷ್ಟು ಬೆಲೆ ಏಕೆ ಎಂದರೆ, ಮಧುನಾಶಿನಿ ಎಂಬ ಬಳ್ಳಿಯ ಎಲೆಯಲ್ಲಿ ನೂರೆಂಟು ಪದಾರ್ಥಗಳಿವೆ. ಅದರಲ್ಲಿ ನಾಲಿಗೆಗೆ ಸಿಹಿ ಮರೆಸುವ ಒಂದೇ ಗುಂಪಿನ ಪದಾರ್ಥವನ್ನು ಬೇರೆಲ್ಲದರಿಂದ ಬಿಡಿಸಿ, ತೊಳೆದು, ಒಣಗಿಸಿ, ಇದು ಅದೇ, ಇದರಲ್ಲಿ ಬೇರೇನೂ ಇಲ್ಲ ಎಂದು ಹಲವು ಯಂತ್ರಗಳ ಮುಂದೆ ಸಾಬೀತು ಮಾಡಿರುತ್ತಾರೆ. ಕಿರಾಣಿ ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತಿದ ತೂಕದ ಕಲ್ಲು ಹೇಗೋ ನಮಗೆ ಆ ಪುಡಿ ಹಾಗೆ. ಯಾರದಾದರೂ ಎಲೆಯಲ್ಲಿ ಆ ಅಂಶ ಎಷ್ಟಿದೆ ಎಂದು ಹೇಳಬೇಕಾದರೆ ಇದರ ಬಾಜು ಇಟ್ಟೇ ಹೇಳಬೇಕು. ಕಲ್ಲು ಸುಳ್ಳಾದರೆ ತಕ್ಕಡಿ ಎಷ್ಟು ಚೆಂದ ಇದ್ದರೇನು ಬಂತು?

ನನ್ನ ಹೆಸರು ಕಸ್ತೂರಿ. ಸಂಶಿಯವಳು. ಅವ್ವ ಸಂತೆಯಲ್ಲಿ ಮೆಂತ್ಯೆ, ರಾಜಗಿರಿ, ಹಕ್ಕರಕಿ ಸೊಪ್ಪು ಮಾರುತ್ತಿದ್ದಳು. ಮಗ್ಗಿ ಕಲಿಯುವುದಕ್ಕಿಂತ ಮೊದಲು ನಾನು ದರ ಕಲಿತೆ. ಆಮೇಲೆ ಹುಬ್ಬಳ್ಳಿಗೆ ಬಸ್ಸಿನಲ್ಲಿ ಓಡಾಡಿ ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿದೆ. ಕುಂದಗೋಳದ ಬಾಜು ಹಳೆಯ ಹತ್ತಿ ಗೋದಾಮೊಂದನ್ನು ಸುಣ್ಣ ಬಳಿದು ಔಷಧಿ ಗಿಡಗಳ ಪರೀಕ್ಷೆಗೆ ಪ್ರಯೋಗಾಲಯ ಮಾಡಿದ್ದರು. ಸಂದರ್ಶನಕ್ಕೆ ಹೋದಾಗ ಮುಖ್ಯಸ್ಥರಾದ ಇನಾಮದಾರ ಸರ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೇಜಿನ ಮೇಲಿದ್ದ ಗಾಜಿನ ಅಳತೆಪಾತ್ರೆಯನ್ನು ನನ್ನ ಕಡೆ ಸರಿಸಿ, "ಇದಕ್ಕ ಎಷ್ಟ ಕೊಡಬಹುದ್ರಿ?" ಎಂದರು. ನಾನು ಅದನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಬೋರಲು ಮಾಡಿ ನೋಡಿದೆ.

"ಪುಕ್ಕಟ ಕೊಟ್ರೂ ಒಲ್ಲೇರಿ. ಬುಡಕ್ಕ ಕೂದಲಿನಷ್ಟು ಸೀಳೈತಿ. ಬಿಸಿ ನೀರ ಹಾಕಿದ್ರ ಅಂಗೈಯಾಗ ಒಡೀತೈತಿ."

ಸರ್ ಪಾತ್ರೆಯನ್ನು ಕಸದ ಬುಟ್ಟಿಗೆ ಹಾಕಿ, "ನಾಳಿಂದ ಬರ್ರಿ," ಎಂದರು. ನಿವೃತ್ತಿಯಾಗುವವರೆಗೆ ಅಲ್ಲೇ ಉಳಿದೆ. ಬಡ್ತಿಗಳ ಕಥೆ ಕಛೇರಿಯ ಕಡತದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಕಡತದಲ್ಲಿ ಸಿಗದ್ದನ್ನು ಹೇಳಬೇಕೆಂದು ಕುಳಿತಿದ್ದೇನೆ.

ನಮ್ಮ ಕೆಲಸದ ಅರ್ಧ ಇಷ್ಟೇ. ನಾವು ತಿನ್ನುವ ರೊಟ್ಟಿ, ಅನ್ನದಲ್ಲಿರುವ ಪಿಷ್ಟವನ್ನು ಹೊಟ್ಟೆಯಲ್ಲಿರುವ ಕಿಣ್ವ ಒಡೆದು ಸಕ್ಕರೆ ಮಾಡುತ್ತದೆ. ಯಾವುದಾದರೂ ಗಿಡದ ಕಷಾಯ ಆ ಕಿಣ್ವದ ಬಾಯಿ ಕಟ್ಟಿದರೆ ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಅದು ಎಷ್ಟರ ಮಟ್ಟಿಗೆ ಕಟ್ಟುತ್ತದೆ ಎಂದು ಗಾಜಿನಲ್ಲಿ ನೋಡುವುದು ಒಂದು ಪರೀಕ್ಷೆ. ಎಲೆಯಲ್ಲಿ ಕೆಲಸ ಮಾಡುವ ಅಂಶ ಯಾವುದು, ಎಷ್ಟಿದೆ ಎಂದು ಅಳೆಯುವುದು ಇನ್ನೊಂದು. ಗಾಜಿನಲ್ಲಿ ಗೆದ್ದದ್ದೆಲ್ಲ ಮನುಷ್ಯನ ಮೈಯಲ್ಲಿ ಗೆಲ್ಲುವುದಿಲ್ಲ. ಇದನ್ನು ಸರ್ ದಿನಾ ಹೇಳುತ್ತಿದ್ದರು, ನಾವು ದಿನಾ ತಲೆ ಆಡಿಸುತ್ತಿದ್ದೆವು.

ಕಿಣ್ವ ಎಂದರೆ ಬಾಣಂತಿ ಇದ್ದಂತೆ, ಆರೈಕೆ ತಪ್ಪುವಂತಿಲ್ಲ. ಬೆಚ್ಚಗಾದರೆ ಕೆಟ್ಟಿತು. ಒಂದು ಬೇಸಿಗೆಯಲ್ಲಿ ಕರೆಂಟು ಹೋದದ್ದು ಬರಲೇ ಇಲ್ಲ. ನಮ್ಮ ಫ್ರೀಜರ್ ಬೆವರತೊಡಗಿತು. ನಾನು ಶೀಶೆಗಳನ್ನು ಡಬ್ಬಿಯಲ್ಲಿಟ್ಟು ಪಂಜಿ ಬಟ್ಟೆ ಸುತ್ತಿ ಸರ್ ಅವರ ಸ್ಕೂಟರ್ ಹಿಂದೆ ಕುಳಿತೆ. ಜನರೇಟರ್ ಇದ್ದದ್ದು ಊರಲ್ಲಿ ಒಬ್ಬನ ಹತ್ತಿರ, ಐಸ್ ಕ್ಯಾಂಡಿ ಮಾಡುವ ಈರಣ್ಣನ ಹತ್ತಿರ.

"ಇಡ್ರಿ ಬಾಯಾರ, ನಂದೇನ ಹೊಕ್ಕೈತಿ," ಎಂದವನು, ನಾನು ಡಬ್ಬಿಯ ಮೇಲೆ "ವಿಷ" ಎಂದು ಬರೆಯುವುದನ್ನು ನೋಡಿ ಹೌಹಾರಿದ. "ಯವ್ವಾ! ಅದನ್ನ ಅಳಸ್ರಿ ಮೊದಲ! ಯಾರರ ಓದಿದ್ರ ನನ್ನ ಧಂದೆ ಇವತ್ತಿಗೆ ಮುಗೀತು!"

"ಬರೀದಿದ್ರ ಯಾರರ ಚೀಪಿದ್ರ?"

"ಚೀಪಾಕ ಅದಕ್ಕ ಕಡ್ಡಿ ಐತೇನ್ರಿ?"

ಕೊನೆಗೆ "ತಿನ್ನೂದಲ್ಲ" ಎಂದು ಬರೆದು, ಕ್ಯಾಂಡಿ ಇಲ್ಲದ ಖಾಲಿ ಪೆಟ್ಟಿಗೆಯೊಂದನ್ನು ಬಿಡಿಸಿಕೊಂಡು ಅದರಲ್ಲಿಟ್ಟೆವು. ಕಿಣ್ವ ಉಳಿಯಿತು. ತಿನ್ನುವ ಪದಾರ್ಥ ಮಾಡುವ ಕಡೆ ಇಂಥದ್ದನ್ನು ಇಡಬಾರದು, ಈಗ ಯಾರೂ ಮಾಡಬೇಡಿ. ಮರುವಾರವೇ ನಾನು ಹುಬ್ಬಳ್ಳಿಯಲ್ಲಿ ಇನ್ವರ್ಟರ್ ಅಂಗಡಿಯವನ ಬೆನ್ನು ಹತ್ತಿ, ಅವನು ದರ ಇಳಿಸುವವರೆಗೆ ಅಲ್ಲಿಂದ ಏಳಲಿಲ್ಲ.

ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗುವಂತಿಲ್ಲ. ನವಲಗುಂದದ ಕಡೆಯಿಂದ ಒಬ್ಬ ದೊಡ್ಡ ಮನುಷ್ಯರು ಬಂದಿದ್ದರು. ಬಿಳಿ ಧೋತರ, ಹೆಗಲ ಮೇಲೆ ಶಲ್ಯ, ಕೈಯಲ್ಲಿ ಹಸಿರು ಪುಡಿಯ ಡಬ್ಬಿ. ಮುಂಜಾನೆ ತಗೊಂಡರೆ ಸಂಜೆಯೊಳಗೆ ಸಕ್ಕರೆ ಇಳಿಯುತ್ತದೆ, ಬರೆದುಕೊಡಿ ಎಂದರು. ಸರ್ ಮೊದಲು ಟಿಎಲ್‌ಸಿ ಮಾಡಿಸಿದರು. ಅಂದರೆ ಬಿಳಿ ಪದರ ಬಳಿದ ಒಂದು ಪಟ್ಟಿಯ ಬುಡಕ್ಕೆ ಪುಡಿಯ ಸಾರದ ಹನಿ ಇಟ್ಟು ದ್ರಾವಕದಲ್ಲಿ ನಿಲ್ಲಿಸುವುದು. ಸಾರದಲ್ಲಿರುವ ಒಂದೊಂದು ಪದಾರ್ಥವೂ ತನ್ನ ತನ್ನ ಎತ್ತರಕ್ಕೆ ಏರಿ ಚುಕ್ಕೆಯಾಗಿ ನಿಲ್ಲುತ್ತದೆ. ಅವರ ಪುಡಿಯ ಒಂದು ಚುಕ್ಕೆ, ಬಾಜು ಇಟ್ಟಿದ್ದ, ಔಷಧಿ ಅಂಗಡಿಯಲ್ಲಿ ಸಿಗುವ ಸಕ್ಕರೆ ಕಾಯಿಲೆಯ ಗುಳಿಗೆಯ ಚುಕ್ಕೆಯ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಿಂತಿತ್ತು. ಖಾತ್ರಿಗೆಂದು ಬೇರೆ ದ್ರಾವಕದಲ್ಲಿ ಇನ್ನೊಮ್ಮೆ ನಿಲ್ಲಿಸಿದೆವು. ಅಲ್ಲಿಯೂ ಅಷ್ಟೇ.

ಸರ್ ಸಿಟ್ಟು ಬಂದಷ್ಟೂ ಮೃದುವಾಗುವ ಮನುಷ್ಯ. "ಯಜಮಾನ್ರ, ನಿಮ್ಮ ಹೊಲದಾಗ ಗಿಡಕ್ಕ ಗುಳಿಗಿ ಬಿಡ್ತಾವೇನ್ರಿ?" ಎಂದು ಕೇಳಿದರು.

"ಹಂಗೇನಿಲ್ರಿ... ಸ್ವಲ್ಪ ಬಲಾ ಬರ್ಲಿ ಅಂತ ಹಾಕೀನಿ."

"ನಿಮ್ಮ ಪುಡಿ ತಗೊಳ್ಳೋ ಮಂದಿ ಡಾಕ್ಟರ್ ಕೊಟ್ಟ ಗುಳಿಗೀನೂ ನುಂಗಿರತಾರ. ಎರಡೂ ಕೂಡಿ ಸಕ್ಕರಿ ಪೂರಾ ಇಳದು ದಾರ್ಯಾಗ ಬಿದ್ರ, ನೀರ ಹಾಕಾಕ ನೀವ ಹೋಗ್ತೀರೇನ್ರಿ?"

ಅವರು ಡಬ್ಬಿಯನ್ನೂ ಬಿಟ್ಟು ಹೋದರು. ಅಂದಿನಿಂದ ನಮ್ಮಲ್ಲಿ ಒಂದು ರೂಢಿ ಬಿತ್ತು. ಯಾರದಾದರೂ ಪುಡಿ ಅತಿ ಚೆನ್ನಾಗಿ ಕೆಲಸ ಮಾಡಿದರೆ ಮೊದಲು ಗುಳಿಗೆ ಹುಡುಕು. ಒಳ್ಳೆಯ ರೂಢಿಯೇ. ಆದರೆ ಕಳ್ಳ ಬರುವ ಬಾಗಿಲನ್ನು ಕಾಯುತ್ತ ಕುಳಿತವರಿಗೆ ಬೆಕ್ಕು ಬರುವ ಕಿಟಕಿ ಕಾಣಲಿಲ್ಲ. ಗಂಗವ್ವನ ಕಥೆ ಅದೇ.

ಗಂಗವ್ವ ಕಲಘಟಗಿ ಕಡೆಯ ಒಂದು ಹಳ್ಳಿಯವಳು. ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು, ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದ ಹೊಲದಲ್ಲಿ ಕಂಬ ನೆಟ್ಟು ಮಧುನಾಶಿನಿ ಹಬ್ಬಿಸಿದ್ದಳು. ಒಂದು ದಿನ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಸೆರಗಿನಲ್ಲಿ ಸ್ಟೀಲ್ ಡಬ್ಬಿ ಮುಚ್ಚಿಕೊಂಡು ಬಂದಳು. ಡಬ್ಬಿಯಲ್ಲಿ ಎಲೆಯ ನುಣ್ಣನೆ ಪುಡಿ.

"ನೋಡ್ರಿ ಬಾಯಾರ, ಭೋಸಲೆ ಅಂತ ಒಬ್ಬರು ಕಂಪನಿಗೆ ಎಲಿ ಖರೀದಿ ಮಾಡ್ತಾರ. ನಿಮ್ಮ ಕಾಗದ ತಂದ್ರ ಪೂರಾ ಮಾಲು ತಗೋತೇನಿ ಅಂದಾರ. ಊರಾಗ ಗಂಡಸರು, ಬೇಲಿ ಬಳ್ಳಿಗೆ ಯಾರ ರೊಕ್ಕಾ ಕೊಡ್ತಾರ ಅಂತ ಹಲ್ಲ ಕಿಸೀತಾರ್ರಿ. ಈ ಸಲ ಮಾಲು ಹೋದ್ರ ಹೊಲ ನಮ್ಮ ಕೈಯಾಗ ಉಳೀತೈತಿ. ಹೋಗಲಿಲ್ಲಂದ್ರ ಹೊಲದಾವ ಬಳ್ಳಿ ಕಿತ್ತು ಗೋವಿನಜೋಳ ಬಿತ್ತತಾನ. ಅಷ್ಟ ನೋಡ್ರಿ."

"ಚೆಂದ ಐತಿ ಇಲ್ಲ ಎಲಿ ಹೇಳತೈತಿ, ನಾವಲ್ಲ," ಎಂದೆ.

"ನಮ್ಮ ಎಲಿ ಹೇಳೂದು ನನಗ ಗೊತ್ತೈತಿ. ನಿಮಗ ಕೇಳಸ್ತೈತೋ ಇಲ್ಲೋ ಅನ್ನೂದ ಚಿಂತಿ," ಎಂದಳು. ಆ ಒಂದು ಮಾತಿಗೇ ನನಗೆ ಆಕೆ ಹಿಡಿಸಿಬಿಟ್ಟಳು.

ಆ ಹೊತ್ತಿಗೆ ನಮ್ಮಲ್ಲಿ ಹೊಸ ವಿಧಾನ ಬಂದಿತ್ತು. ಮೊದಲು ಒಂದೊಂದು ನಳಿಗೆಯನ್ನೂ ಕುದಿಯುವ ನೀರಿನಲ್ಲಿ ನಿಲ್ಲಿಸಿ, ಬಣ್ಣ ತಿರುಗಿಸಿ, ಅಳೆದು ಸಾಕಾಗುತ್ತಿತ್ತು. ಈಗ ಅಂಗೈಯಷ್ಟು ಪ್ಲಾಸ್ಟಿಕ್ ಹಲಗೆ, ಅದರ ತುಂಬ ಚನ್ನೆಮಣೆಯ ಹಾಗೆ ಸಣ್ಣ ಸಣ್ಣ ಗುಳಿ. ಗುಳಿಯಲ್ಲಿ ಕಷಾಯ, ಕಿಣ್ವ, ಪಿಷ್ಟ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಕೊನೆಗೆ ಅಯೋಡಿನ್ ಹನಿಸುವುದು. ಪಿಷ್ಟಕ್ಕೆ ಅಯೋಡಿನ್ ಬಿದ್ದರೆ ನೀಲಿ. ಕಿಣ್ವ ಪಿಷ್ಟವನ್ನೆಲ್ಲ ತಿಂದಿದ್ದರೆ ನೀಲಿ ಇಲ್ಲ. ಕಷಾಯ ಕಿಣ್ವದ ಬಾಯಿ ಕಟ್ಟಿದ್ದರೆ ಪಿಷ್ಟ ಉಳಿದಿರುತ್ತದೆ, ನೀಲಿಯೂ ಉಳಿಯುತ್ತದೆ. ನೀಲಿ ಹೆಚ್ಚಿದಷ್ಟೂ ಎಲೆಯ ಬಲ ಹೆಚ್ಚು. ಎಷ್ಟು ಸುಲಭ! ಸರ್ ಆ ಹಲಗೆಯನ್ನು ಬಂದವರಿಗೆಲ್ಲ ಹೊಸ ಸೊಸೆಯ ಹಾಗೆ ತೋರಿಸುತ್ತಿದ್ದರು. ಗುಳಿ ಸಾಲದು ಎಂದು, ಎಲ್ಲ ನಮೂನೆಗಳಿಗೂ ಸೇರಿ ಒಂದೇ ನೀರಿನ ಬ್ಲ್ಯಾಂಕ್ ಇಡೋಣ ಎಂದು ಎಲ್ಲರೂ ಕೂಡಿಯೇ ಒಪ್ಪಿದ್ದೆವು. ಬ್ಲ್ಯಾಂಕ್ ಎಂದರೆ ಹೋಲಿಸಲು ಇಡುವ ಖಾಲಿ ಗುಳಿ. ನಮೂನೆಗೊಂದು ಪ್ರತ್ಯೇಕ ಬ್ಲ್ಯಾಂಕ್ ಬೇಕು, ಅಂದರೆ ಕಿಣ್ವವೂ ಬೇಡ, ನಮ್ಮ ಪಿಷ್ಟವೂ ಬೇಡ, ಬರೀ ಕಷಾಯ ಮತ್ತು ಅಯೋಡಿನ್. ಅದನ್ನು ಕೈಬಿಟ್ಟಿದ್ದೆವು.

ಮಂದಿ ಕಷಾಯ ಕುದಿಸಿ ಕುಡಿಯುತ್ತಾರಲ್ಲ, ಹಾಗೇ ಗಂಗವ್ವನ ಪುಡಿಯನ್ನು ಕುದಿಸಿ ಸೋಸಿ ಹಲಗೆಗೆ ಹಾಕಿದೆವು. ನೀಲಿ ಎಂದರೆ ಅಗದಿ ಇಳಕಲ್ ಸೀರೆಯ ನೀಲಿ! ಹೋಲಿಕೆಗೆ ಇಟ್ಟಿದ್ದ ಶುದ್ಧ ಔಷಧಿಯೂ ಅದರ ಮುಂದೆ ಸಪ್ಪೆ. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕಸ್ತೂರಿಬಾಯಿ, ಗುಳಿಗಿ ಹುಡುಕ್ರಿ."

ಹುಡುಕಿದೆವು. ಗುಳಿಗೆಯ ಚುಕ್ಕೆ ಎಲ್ಲೂ ಇಲ್ಲ. ಹಲಗೆಯನ್ನು ಇನ್ನೊಮ್ಮೆ ಮಾಡಿದೆವು. ಮತ್ತೆ ಅದೇ ನೀಲಿ. ಇಷ್ಟಾದ ಮೇಲೆ ಯಾರಿಗೆ ಖುಷಿ ತಡೆಯುತ್ತದೆ? ಎಲೆಯ ಅಂಶ ಅಳೆಯುವ ಪರೀಕ್ಷೆಯನ್ನು, ಆ ಆಡಿನ ಬೆಲೆಯ ಪುಡಿ ಖರ್ಚಾಗುತ್ತದೆಂದು, ಪೂರ್ತಿ ಮಾಲು ಬಂದಾಗಲೇ ಮಾಡೋಣ ಎಂದು ಇಟ್ಟುಕೊಂಡೆವು. ಸರ್ ತಾವೇ ಫೋನ್ ಮಾಡಿ ಗಂಗವ್ವನಿಗೆ ಹೇಳಿದರು. ಫೋನಿನ ಆಚೆ ಹೆಣ್ಣುಮಕ್ಕಳ ಕೇಕೆ ನಮ್ಮ ಕೋಣೆಯಲ್ಲೆಲ್ಲ ತುಂಬಿತು. ಭೋಸಲೆಯವರಿಗೂ ಫಲಿತಾಂಶದ ಕಾಗದ ಮುಟ್ಟಿತು. ಅವರು ಒಂದು ಒಳ್ಳೆಯ ದರವನ್ನೂ ಆಡಿಬಿಟ್ಟರು.

ಆಮೇಲೆ ಮಾಲು ಬಂತು. ಭೋಸಲೆಯವರ ಷರತ್ತಿನಂತೆ ಒಣಗಿದ ಇಡೀ ಎಲೆ, ಗೋಣಿಚೀಲದಲ್ಲಿ. ಒಂದೊಂದು ಚೀಲದಿಂದ ಹಿಡಿ ಹಿಡಿ ತೆಗೆದು ನಮ್ಮ ಮಿಕ್ಸರಿನಲ್ಲೇ ಪುಡಿ ಮಾಡಿ, ಕುದಿಸಿ, ಹಲಗೆಗೆ ಹಾಕಿದೆವು. ಅಯೋಡಿನ್ ಬಿತ್ತು. ನೀಲಿ ಬಂತು, ಆದರೆ ತೊಳೆದು ತೊಳೆದು ಬಣ್ಣ ಬಿಟ್ಟ ಲಂಗದಂಥ ನೀಲಿ. ತೀರ ಕೆಟ್ಟದ್ದಲ್ಲ, ಸಾಧಾರಣ ಮಧುನಾಶಿನಿ ಎಷ್ಟು ತೋರಿಸಬೇಕೋ ಅಷ್ಟು. ಮೊದಲಿನದರ ಹತ್ತಿರವೂ ಇಲ್ಲ.

ಭೋಸಲೆಯವರು ಗೋದಾಮಿನ ಪಡಸಾಲೆಯಲ್ಲಿ ನಿಂತು ಚಪ್ಪಲಿ ಸಪ್ಪಳ ಮಾಡಿದರು. "ಇದು ಹಳೇ ಆಟ ಅದರಿ. ನಮೂನಿಗೆ ಒಂದು, ಮಾಲಿಗೆ ಒಂದು. ನಾ ಇಪ್ಪತ್ತ ಊರಿನ ನೀರ ಕುಡದಾವ. ಗಂಗವ್ವಗ ಹೇಳ್ರಿ, ಸೌದಾ ಮುಗೀತು."

ಸಂತೆಯಲ್ಲಿ ಬೆಳೆದವಳಿಗೆ ಈ ಆಟ ಗೊತ್ತಿಲ್ಲವೇ? ಮೇಲೆ ಕೆಂಪನೆ ಟೊಮೆಟೊ, ಕೆಳಗೆ ಹಸಿರು. ನನಗೂ ಒಂದು ಕ್ಷಣ ಅನುಮಾನ ಬಂತು. ಮರುದಿನ ಮೊದಲ ಬಸ್ಸಿಗೇ ಗಂಗವ್ವ ಬಂದಳು. ಕುಂದರ್ರಿ ಎಂದರೆ ಕುಳಿತುಕೊಳ್ಳಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ.

"ಒಂದ ಬಳ್ಳಿ, ಒಂದ ಹೊಲ, ಒಂದ ಕೈ. ಎರಡ ಥರಾ ಹೆಂಗ ಹೇಳೀತ್ರಿ ಎಲಿ? ಊರಾಗ ನಾ ಕಳ್ಳಿ ಆಗೀನಿ ಇವತ್ತು. ನನ್ನ ಗಂಡ ಒಂದ ಮಾತ ಆಡವಲ್ಲ, ಬರೇ ಮುಸಿ ಮುಸಿ ನಗ್ತಾನ. ಅದ ನನಗ ಬೈಗುಳಕಿಂತಾ ಜಾಸ್ತಿ ಆಗೇತಿ. ಹೇಳ್ರಿ ಸರ, ಯಾವ ಹೊತ್ತಿನಾಗ ನಿಮ್ಮ ಮಿಶನ್ನಿಗೆ ಬುದ್ಧಿ ಇತ್ತು, ಯಾವ ಹೊತ್ತಿನಾಗ ಇರಲಿಲ್ಲ?"

ಸರ್ ನನ್ನ ಮುಖ ನೋಡಿದರು. "ಕಸ್ತೂರಿಬಾಯಿ, ಆಕಿ ಹೇಳೂದ ಖರೇ ಇದ್ರ, ಎಲಿ ಹೊಲದಿಂದ ಡಬ್ಬಿಗೆ ಬರೂ ದಾರ್ಯಾಗ ಏನೋ ಆಗೇತಿ. ಆಕಿ ಜೋಡಿ ಹೋಗ್ರಿ. ಅವತ್ತ ಏನ ಮಾಡಿದ್ರೋ ಅದನ್ನ ಇನ್ನೊಮ್ಮೆ ಮಾಡಿಸಿ ನೋಡ್ಕೊಂಡ ಬರ್ರಿ. ಕೇಳಬ್ಯಾಡ್ರಿ, ನೋಡ್ರಿ."

ಹೋಗುವಾಗ ಒಂದು ಪುಟ್ಟ ಹನಿಶೀಶೆಯಲ್ಲಿ ಅಯೋಡಿನ್ ಹಾಕಿಕೊಂಡೆ. ಯಾಕೆಂದು ನನಗೂ ಗೊತ್ತಿರಲಿಲ್ಲ. ಸಂತೆಗೆ ಹೋಗುವವಳು ಕೈಚೀಲ ಹಿಡಿದ ಹಾಗೆ.

ಹಳ್ಳಿಯಲ್ಲಿ ಎಲ್ಲವೂ ಸ್ವಚ್ಛ. ಎಲೆ ಕೊಯ್ಯುವುದು ಬೆಳಗಿನ ತಂಪಿನಲ್ಲಿ. ಒಣಗಿಸುವುದು ನೆರಳಲ್ಲಿ, ತೊಳೆದ ಸೀರೆಯ ಮೇಲೆ, ಕೋಳಿ ಬರದಂತೆ ಒಬ್ಬಳು ಕಾವಲು. ಒಣಗಿದ ಎಲೆಯನ್ನು ಬುಟ್ಟಿಗೆ ತುಂಬಿ ಗಂಗವ್ವ, "ಇನ್ನ ಮಾಬೂಸಾಬನ ಗಿರಣಿಗೆ ಹೋಗೂಣು," ಎಂದಳು. ಅಂದು ನಮೂನೆಗಾಗಿ ಮಾತ್ರ ಗಿರಣಿಯಲ್ಲಿ ಬೀಸಿಸಿದ್ದರು. ದೊಡ್ಡವರ ಮುಂದೆ ಇಡುವುದು, ನುಣ್ಣಗಿರಲಿ ಎಂದು.

ಮಾಬೂಸಾಬ ಗಿರಣಿ ನಿಲ್ಲಿಸಿ, ಕಲ್ಲು ಝಾಡಿಸಿ, ಬಾಯಿಯನ್ನು ಬ್ರಶ್ಶಿನಿಂದ ಒರೆಸಿದ. "ಬಾಯಾರ, ನಿಮ್ಮ ಲ್ಯಾಬಿಗೆ ಅಂದ್ರ ನಾ ಮೊದಲ ಸ್ವಚ್ಛ ಮಾಡ್ತೇನ್ರಿ. ಖಾರದ ಪುಡಿ ಆದ ಮ್ಯಾಲೆ ಕೂಸಿನ ಹಿಟ್ಟ ಬೀಸೂ ಮನಷ್ಯಾ ನಾನು." ಎಲೆ ಒಳಗೆ ಬಿತ್ತು. ಹಸಿರು ಪುಡಿ ಧೋ ಎಂದು ಇಳಿಯಿತು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ತಪ್ಪು ಎಲ್ಲೂ ಕಾಣಲಿಲ್ಲ.

ಪುಡಿ ಬರುವುದು ಕಡಿಮೆಯಾಗುತ್ತಿದ್ದಂತೆ ಗಂಗವ್ವ ತನ್ನಷ್ಟಕ್ಕೆ, ಅತ್ತ ಯಾರದೋ ಮಗಳ ಮದುವೆಯ ಮಾತಾಡುತ್ತಲೇ, ಸೊಂಟದ ಸೆರಗಿನ ಗಂಟು ಬಿಚ್ಚಿ ಎರಡು ಹಿಡಿ ಜೋಳ ತೆಗೆದು ಗಿರಣಿಯ ಬಾಯಿಗೆ ಸುರಿದಳು. ಜೋಳ ಒಳಗೆ ಹೋಗಿ, ಕಲ್ಲಿನ ಸಂದಿಯಲ್ಲಿ ಉಳಿದಿದ್ದ ಕೊನೆಯ ಹಸಿರನ್ನೂ ದೂಡಿಕೊಂಡು ಹೊರಗೆ ಬಂತು. ಗಂಗವ್ವ ಅದನ್ನೂ ಕೈಯಿಂದ ಬಳಿದು ಡಬ್ಬಿಗೆ ಹಾಕಿ ಕಲಸಿದಳು.

"ಗಂಗವ್ವಾ, ಅದೇನ ಹಾಕಿದಿ?"

"ಯಾವುದ್ರಿ?"

"ಈಗ. ಸೆರಗಿನಾಗಿಂದು."

"ಜ್ವಾಳ್ರಿ. ಕಲ್ಲಾಗ ಉಳದದ್ದು ಬರಬೇಕಲ್ಲ? ಇಲ್ಲಂದ್ರ ನಮ್ಮ ಎಲಿ ಮುಂದಿನಾಕಿ ಹಿಟ್ಟಿಗೆ ಹೊಕ್ಕೈತಿ. ಕಷ್ಟಪಟ್ಟ ಬೆಳಸಿದ್ದು, ಬಿಟ್ಟ ಬರೂದೇನ್ರಿ?"

"ಅವತ್ತೂ ಹಾಕಿದ್ದಿ?"

"ದಿನಾ ಹಾಕ್ತೇವ್ರಿ! ಗೋದಿಗೂ ಹಾಕ್ತೇವಿ, ಕಡ್ಲಿಗೂ ಹಾಕ್ತೇವಿ. ಇದರಾಗೇನೈತಿ?"

ನಾನು ನಗಲಾರಂಭಿಸಿದೆ. ನಿಲ್ಲಿಸಬೇಕೆಂದರೆ ಆಗಲಿಲ್ಲ, ಗಿರಣಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಇದು ನಮ್ಮ ಜೋಳದ ನಾಡಿನ ಹೆಣ್ಣುಮಕ್ಕಳಿಗೆ ಉಸಿರಾಡಿದಷ್ಟು ಸಹಜ. ನನ್ನವ್ವನೂ ಮಾಡುತ್ತಿದ್ದಳು, ನಾನೂ ಮಾಡಿದ್ದೇನೆ. ಅದಕ್ಕೇ ಆಕೆಗೆ ಅದು ಹೇಳಬೇಕಾದ ಸಂಗತಿ ಎನಿಸಲಿಲ್ಲ, ನಮಗೆ ಕೇಳಬೇಕಾದ ಸಂಗತಿ ಎನಿಸಲಿಲ್ಲ. ನಾವು ಕುದಿಸಿ ಸೋಸಿದ್ದು ಅರ್ಧ ಕಷಾಯ, ಅರ್ಧ ಅಂಬಲಿ! ಕಿಣ್ವ ಪಾಪ ತಿಂದು ತಿಂದು ಸುಸ್ತಾದರೂ ಪಿಷ್ಟ ಮುಗಿದಿರಲಿಲ್ಲ. ಅಯೋಡಿನ್ ನೀಲಿಯಾಗಲು ಇನ್ನೇನು ಬೇಕು?

ಹನಿಶೀಶೆ ತೆಗೆದೆ. ಡಬ್ಬಿಯ ಪುಡಿಯನ್ನು ಚೂರು ನೀರಲ್ಲಿ ಕಲಸಿ ಹನಿ ಬಿಟ್ಟೆ. ಕಪ್ಪುನೀಲಿ. ಬುಟ್ಟಿಯ ತಳದಲ್ಲಿ ಉಳಿದಿದ್ದ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಹನಿ ಬಿಟ್ಟೆ. ಅಯೋಡಿನ್ನಿನ ಕಂದು ಬಣ್ಣ ಹಾಗೇ ಉಳಿಯಿತು. ಗಂಗವ್ವ ಎರಡನ್ನೂ ನೋಡಿದಳು. ಅರ್ಥ ಆಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹಣೆ ಬಡಿದುಕೊಂಡು, "ಅಯ್ಯ ನಿನ್ನ! ಎರಡ ಹಿಡಿ ಜ್ವಾಳಕ್ಕ ನಾ ಕಳ್ಳಿ ಆದ್ನೇ?" ಎಂದು ನನಗಿಂತ ಜೋರಾಗಿ ನಕ್ಕಳು.

"ಅಂದ್ರ ನನ್ನ ಗಿರಣಿ ಹಿಟ್ಟ ಸಕ್ಕರಿ ಬ್ಯಾನಿಗೆ ಔಷಧಿ ಅಂತ ನಿಮ್ಮ ಸರ ಬರದಂಗಾತು," ಎಂದ ಮಾಬೂಸಾಬ. "ಒಂದ ಬೋರ್ಡ ಮಾಡಿಸಿ ಹಾಕಲೇನ್ರಿ ಬಾಗಲಾಗ?"

ಸುದ್ದಿ ಕೇಳಿ ಸರ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಕ್ಕು ಮುಗಿದ ಮೇಲೆ, ಕಣ್ಣೊರೆಸಿಕೊಂಡು, ಮೊದಲ ಫಲಿತಾಂಶ ತಪ್ಪು, ತಪ್ಪು ನಮ್ಮ ಪರೀಕ್ಷೆಯ ಕ್ರಮದ್ದು, ಮಾಲು ತಂದವರದಲ್ಲ ಎಂದು ಬರೆದು ತಮ್ಮ ಸಹಿ ಹಾಕಿ ಭೋಸಲೆಯವರಿಗೂ ಗಂಗವ್ವನಿಗೂ ಕಳಿಸಿದರು. ಬೇರೆ ಎಷ್ಟೋ ಕಡೆ ಇಂಥ ಕಾಗದ ಬರೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ನಾವು ಹಲಗೆಯನ್ನು ಪ್ರತಿ ನಮೂನೆಯ ಬ್ಲ್ಯಾಂಕ್ ಇಟ್ಟು ಮತ್ತೆ ಮಾಡಿದೆವು. ಎಲೆಯ ಅಂಶವನ್ನು ಆ ಬಿಳಿ ಪುಡಿಯ ಬಾಜು ಇಟ್ಟು ಅಳೆದೆವು. ಕಿಣ್ವ ಕಟ್ಟುವ ಬಲ ಸಾಧಾರಣ. ಆದರೆ ಎಲೆಯ ಮುಖ್ಯ ಅಂಶ ಭೋಸಲೆಯವರ ಕಂಪನಿ ಕೇಳಿದ್ದಕ್ಕಿಂತ ಸ್ವಲ್ಪ ಮೇಲೆಯೇ ಇತ್ತು. ಮತ್ತು ಎಲ್ಲ ಚೀಲದಲ್ಲೂ ಹೆಚ್ಚುಕಡಿಮೆ ಒಂದೇ.

ಭೋಸಲೆಯವರು ಬಂದರು. ಗಂಗವ್ವನೂ ಬಂದಳು. ಹೊಸ ಫಲಿತಾಂಶದ ಕಾಗದ ಓದಿದ ಭೋಸಲೆಯವರು ಅದನ್ನು ಮಡಚಿದರು. "ಮೊದಲನೇ ಕಾಗದಾನೂ ನಿಮ್ದ, ಇದೂ ನಿಮ್ದ. ಯಾವುದಕ್ಕ ನಂಬ್ಲಿ?"

ಗಂಗವ್ವ ಚೀಲಗಳ ಕಡೆ ಕೈ ತೋರಿಸಿದಳು. "ಕಾಗದ ಬಿಡ್ರಿ ಸಾಹೇಬ್ರ. ನೀವ ಯಾವ ಚೀಲ ಅಂತೀರಿ ಅದನ್ನ ಬಿಚ್ಚರಿ. ಒಂದ ನಾಕ ಎಲಿ ಬಾಯಾಗ ಹಾಕ್ಕೊಂಡು ಚೆಂದಂಗ ಅಗೀರಿ. ಆಮ್ಯಾಲ ಚಹಾ ಕುಡ್ಯೂಣು."

ಭೋಸಲೆಯವರು ಎಲ್ಲಕ್ಕಿಂತ ಹಿಂದಿನ, ಎಲ್ಲಕ್ಕಿಂತ ಕೆಳಗಿನ ಚೀಲ ಎಳೆಸಿದರು. ಚೀಲದ ತಳಕ್ಕೆ ಕೈ ಹಾಕಿ ಎಲೆ ತೆಗೆದರು. ಅಗಿದು, ಮುಖ ಹಿಂಡಿ, ಉಗುಳಿ ಬಂದರು. ಚಹಾ ಬಂತು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಸಕ್ಕರಿ ಹಾಕಿಲ್ಲೇನ್ರಿ?"

ಸರ್ ಸಕ್ಕರೆಯ ಡಬ್ಬಿಯನ್ನೇ ಮುಂದೆ ಇಟ್ಟರು. ಭೋಸಲೆಯವರು ಒಂದು ಚಮಚ ಬಾಯಿಗೆ ಹಾಕಿಕೊಂಡರು. ಮುಖ ನೋಡಬೇಕಿತ್ತು!

"ಅರೆ ಬಾಪರೇ... ಇದು ಉಸುಕ ಅದ! ಉಸುಕ ತಿಂದಂಗ ಆಗಾಕತ್ತದ!"

"ಎಲಿ ಮಾತಾಡಾಕತ್ತೈತಿ, ಕೇಳ್ರಿ," ಎಂದಳು ಗಂಗವ್ವ.

ಸರ್ ಅಲ್ಲಿಯೂ ತಮ್ಮ ಪಾಠ ಬಿಡಲಿಲ್ಲ. "ಇದರಿಂದ ಎಲಿ ಅದ ಅಂತ ಗೊತ್ತಾಗತೈತಿ, ಅಷ್ಟ. ರಕ್ತದ ಸಕ್ಕರಿ ಬ್ಯಾರೆ ಮಾತು. ಅಳತಿ ಬೇಕಂದ್ರ ಕಾಗದಾನ ನೋಡಬೇಕು."

ಭೋಸಲೆಯವರು ನಾಲಿಗೆ ತಿಕ್ಕಿಕೊಳ್ಳುತ್ತ ಮೆತ್ತಗಾದರು. ಆದರೆ ವ್ಯಾಪಾರಸ್ಥ ವ್ಯಾಪಾರಸ್ಥನೇ. "ಎಲಿ ಛಲೋ ಅದ, ಒಪ್ಪಿದೆ. ಆದ್ರ ನಾ ದರ ಹೇಳಿದ್ದು ಮೊದಲಿನ ನಂಬರಿಗೆ. ನಂಬರ ಇಳದದ, ದರಾನೂ ಇಳೀಬೇಕು."

ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಕುಣಿಯುತ್ತಿತ್ತು. ಸಂತೆಯ ರಕ್ತ ಕುದಿಯಿತು. ಸರ್ ನನ್ನ ಕಡೆ ಒಂದು ನೋಟ ಬೀರಿದರು. ಪರೀಕ್ಷೆ ಮಾಡಿದವರು ದರದಲ್ಲಿ ಬಾಯಿ ಹಾಕಬಾರದು. ನಾನು ತೊಡೆ ಚಿವುಟಿಕೊಂಡು ಕುಳಿತೆ. ಇಡೀ ನೌಕರಿಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ.

ಆದರೆ ಗಂಗವ್ವನಿಗೆ ನನ್ನ ಅಗತ್ಯ ಇರಲಿಲ್ಲ.

"ಸಾಹೇಬ್ರ, ಏರಿದ್ದೂ ಜ್ವಾಳ, ಇಳದದ್ದೂ ಜ್ವಾಳ. ನೀವೇನ ಜ್ವಾಳ ಖರೀದಿ ಮಾಡಾಕ ಬಂದೀರೇನು? ನಮ್ಮ ಎಲಿ ಅವತ್ತೂ ಇಷ್ಟ ಇತ್ತು, ಇವತ್ತೂ ಇಷ್ಟ ಐತಿ. ನಿಮ್ಮ ಕಂಪನಿ ಕೇಳಿದ್ದರಕಿಂತಾ ಒಂದ ಎಳಿ ಮ್ಯಾಲ ಐತಿ ಅಂತ ಕಾಗದ ಹೇಳತೈತಿ. ಇನ್ನೊಬ್ಬರು ತಮ್ಮ ಎಲಿ ನೀವ ಹೇಳಿದ ಚೀಲದ ತಳದಿಂದ ತಗದ ಕೊಡ್ತಾರ? ಕೊಡೂದಿದ್ರ ಅಲ್ಲೇ ಹೋಗ್ರಿ."

ಭೋಸಲೆಯವರು ನನ್ನ ಕಡೆ ನೋಡಿದರು. ನಾನು ಛಾವಣಿ ನೋಡಿದೆ.

"ಒಂದ ಕಾರಣಕ್ಕ ದರ ಇಳಸ್ತೇನಿ," ಗಂಗವ್ವ ಮುಂದುವರಿಸಿದಳು, "ಈ ವರ್ಸ ಒಂದಲ್ಲ, ಲಾವಣಿ ಮುಗಿಯೂ ತನಕ ಪ್ರತಿ ವರ್ಸ ಮಾಲು ತಗೋತೇನಿ ಅಂತ ಬರದ ಕೊಡ್ರಿ. ಒಂದೀಟ ಇಳಸ್ತೇನಿ. ಮತ್ತ ನಮೂನಿಗೂ ಪುಡಿ ಕೇಳಬ್ಯಾಡ್ರಿ. ಇಡೀ ಎಲೀನ ಕೊಡೂದು. ಗಿರಣಿ ಕಡೆ ನಾವಿನ್ನ ತಲಿ ಹಾಕಂಗಿಲ್ಲ."

ಭೋಸಲೆಯವರು ಇನ್ನೊಂದು ಚಮಚ ಸಕ್ಕರೆ ಬಾಯಿಗೆ ಹಾಕಿ ನೋಡಿದರು. ಇನ್ನೂ ಉಸುಕೇ. ನಗುತ್ತ ಕೈ ಚಾಚಿದರು. "ತಗೋರಿ, ಆತು. ನಿಮ್ಮ ಜೋಡಿ ಜಗಳಾಡಾಕ ನನ್ನ ಬಾಯಾಗ ರುಚೀನ ಉಳದಿಲ್ಲ."

ಮುಂದಿನ ಸಲ ಮಾಲು ತಂದ ಟ್ರ್ಯಾಕ್ಟರನ್ನು ಗಂಗವ್ವನ ಗಂಡನೇ ಓಡಿಸಿಕೊಂಡು ಬಂದ. ಇಳಿಸುವಾಗ ಚೀಲ ಎಳೆಯಬೇಡಿ, ಎಲೆ ಮುರಿಯುತ್ತದೆ ಎಂದು ನಮ್ಮ ಹಮಾಲರಿಗೇ ಬೈಯುತ್ತಿದ್ದ. ಗಂಗವ್ವ ಮುಂದಿನ ಸೀಟಿನಲ್ಲಿ ಕುಳಿತು ಕವಳ ಹಾಕುತ್ತಿದ್ದಳು.

ಈಗ ನಿಮಗೆ, ಈ ಕೆಲಸಕ್ಕೆ ಬರುತ್ತಿರುವವರಿಗೆ, ಕೆಲವು ಮಾತು.

ನಮೂನೆಗೊಂದು ಬ್ಲ್ಯಾಂಕ್ ಇಡಿ. ಗುಳಿ ಸಾಲದಿದ್ದರೆ ನಮೂನೆ ಕಡಿಮೆ ಮಾಡಿ, ಬ್ಲ್ಯಾಂಕ್ ಕಡಿಮೆ ಮಾಡಬೇಡಿ. ಸಾಧ್ಯವಿದ್ದರೆ ಪುಡಿ ತೆಗೆದುಕೊಳ್ಳಲೇಬೇಡಿ, ಎಲೆ, ಬೇರು, ಬೀಜ ಇಡಿಯಾಗಿ ತರಿಸಿ ನೀವೇ ಪುಡಿ ಮಾಡಿ. ಪುಡಿಯೇ ಬಂದರೆ ಮೊದಲು ಒಂದು ಹನಿ ಅಯೋಡಿನ್ ಹಾಕಿ ನೋಡಿ, ಅದಕ್ಕೆ ಖರ್ಚೇ ಇಲ್ಲ. ಒಂದು ವಿಧಾನದಲ್ಲಿ ಅದ್ಭುತ ಕಂಡರೆ ಇನ್ನೊಂದು ವಿಧಾನದಲ್ಲಿ ನೋಡುವವರೆಗೆ ಫೋನ್ ಮುಟ್ಟಬೇಡಿ. ದ್ರಾವಕ, ಗಾಜು, ಕುರ್ಚಿ, ಇನ್ವರ್ಟರ್ ಇವುಗಳಲ್ಲಿ ಬೇಕಾದಷ್ಟು ಚೌಕಾಸಿ ಮಾಡಿ, ಹೋಲಿಕೆಯ ಪುಡಿಯಲ್ಲಿ ಮಾತ್ರ ಮಾಡಬೇಡಿ, ಅಗ್ಗದ್ದು ಸಿಕ್ಕಿತೆಂದರೆ ಅನುಮಾನ ಪಡಿ. ಯಾರಾದರೂ ನಿಮ್ಮ ಕಾಗದ ನೋಡಿ ಗುಳಿಗೆ ಬಿಡಲೇ ಎಂದು ಕೇಳಿದರೆ, ಬಿಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ ಎಂದು ಹೇಳಿ. ಎಲೆ ಎಷ್ಟೇ ಚೆಂದ ಇರಲಿ, ಇದರಲ್ಲಿ ಬದಲಿಲ್ಲ.

ಇನ್ನು ಕೊನೆಯದು. ಲೆಕ್ಕ ಕೂಡದಿದ್ದಾಗ ನಮೂನೆ ತಂದವರನ್ನು ಮೇಜಿನ ಮುಂದೆ ನಿಲ್ಲಿಸಿ ಏನು ಬೆರೆಸಿದಿರಿ ಎಂದು ಕೇಳಬೇಡಿ. ಅವರು ಏನೂ ಇಲ್ಲ ಎನ್ನುತ್ತಾರೆ, ಅವರ ಪಾಲಿಗೆ ಅದು ಖರೇನೂ ಆಗಿರುತ್ತದೆ. ಅವರ ಬಸ್ಸು ಹತ್ತಿ ಅವರ ಊರಿಗೆ ಹೋಗಿ. ಎಲೆ ಕೊಯ್ಯುವಾಗ ಬಾಜು ಕುಳಿತುಕೊಳ್ಳಿ, ಕೈ ಮುಂದೆ ಮಾಡಿ ನೀವೂ ನಾಲ್ಕು ಎಲೆ ಕೊಯ್ಯಿರಿ. ಊಟಕ್ಕೆ ಕರೆದರೆ ಒಲ್ಲೆ ಎನ್ನಬೇಡಿ. ಮತ್ತು ಬೆಳಗಿನ ಬಸ್ಸಿಗೇ ಹೋಗಿ, ಮಧ್ಯಾಹ್ನ ಗಿರಣಿ ಬಂದ್ ಇರುತ್ತದೆ.